ಬಾಗಿಲ ಕೆಲಸದ ಶಿವರುದ್ರಮ್ಮ

ಹುಣಸೂರಿನಿಂದ ಕಟ್ಟೆಮಳಲವಾಡಿಗೆ ಹೋಗುವ ದಾರಿಯಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ ಒಂದು ದಿಬ್ಬವಿದೆ. ಅದರ ಮೇಲಿನ ಮನೆಗೆ ಸುತ್ತಿನ ಊರಿನವರು ದೊರೆ ಬಂಗಲೆ ಎನ್ನುತ್ತಾರೆ. ಕೊಡಗಿನಿಂದ ಗಾಡಿಗಳಲ್ಲಿ ಇಳಿಯುತ್ತಿದ್ದ ಕಾಫಿಬೀಜದ ವ್ಯಾಪಾರಕ್ಕೆಂದು ಬಂದ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ್ದು. ಆಳೆತ್ತರದ ಕಿಟಕಿಗಳು, ಕೆಂಪು ಗಾರೆಯ ನೆಲ, ಪಡಸಾಲೆಯ ಗೋಡೆಯೊಳಗೇ ಚಳಿ ಕಾಯಿಸುವ ಒಲೆ. ಅಡುಗೆಮನೆ ಮಾತ್ರ ಹಿತ್ತಿಲಲ್ಲಿ ಬೇರೆ. ಅದರಾಚೆ ಕೆಲಸದವರ ಲೈನುಮನೆಗಳು. ಆ ಲೈನಿನ ಕೊನೆಯ ಮನೆಯಲ್ಲಿ ಶಿವರುದ್ರಮ್ಮ ಐವತ್ತು ವರ್ಷ ಬಾಳಿದಳು.

ಮದುವೆಯಾಗಿ ಬಂದ ವಾರದಲ್ಲೇ ಮಾವ ಗುರುಮಲ್ಲಪ್ಪ ಅವಳನ್ನು ಬಂಗಲೆಯ ಮುಂಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದರು. ಲಿಂಗ ಕಟ್ಟಿದವರು ಮಾಂಸದಡುಗೆ ಮುಟ್ಟುವಂತಿಲ್ಲ. ಹಾಗಾಗಿ ದೊರೆಯ ಕಾಲದಿಂದಲೂ ಅವರ ಮನೆಗೆ ಬಂದದ್ದು ಬಾಗಿಲ ಕೆಲಸ. ಯಾರಾದರೂ ಬಂದರೆ ಎರಡನೇ ಮೆಟ್ಟಿಲ ಮೇಲೆ ನಿಲ್ಲಬೇಕು. ಹೊಸಿಲ ಮೇಲೆ ನಿಂತರೆ ಯಜಮಾನಿಕೆ ಮಾಡಿದ ಹಾಗೆ, ನೆಲಕ್ಕಿಳಿದರೆ ಬಂದವರು ಒಳಕ್ಕೆ ನುಗ್ಗುತ್ತಾರೆ. ಒಡೆಯರು ಯಾರನ್ನೂ ನೋಡುವುದಿಲ್ಲವೆಂದರೆ, ಬಂದವರು ಏನೇ ಕೇಳಲಿ, ಆಡುವುದು ಒಂದೇ ಮಾತು.

"ಮನೇಲಿ ಯಾರೂ ಇಲ್ಲ ಸ್ವಾಮಿ. ನಾವು ಕೆಲಸದೋರು."

ಈ ಮಾತಿಗೂ ಒಂದು ಕಥೆಯಿತ್ತು. ದೊರೆಯ ಹೆಂಡತಿ ಹೆತ್ತ ಮಗು ನಡೆಯುವುದನ್ನು ಕಲಿಯುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಮಗುವನ್ನು ತೋಟದ ಮೂಲೆಯಲ್ಲಿ ಹೂತು ಬಿಳಿಯ ಕಲ್ಲು ನಿಲ್ಲಿಸಿದರು. ಆಮೇಲೆ ದೊರೆಸಾನಿ ವರ್ಷವಿಡೀ ಕಿಟಕಿ ತೆರೆಯಲಿಲ್ಲ. ಮೈಸೂರಿನಿಂದ, ಮಡಿಕೇರಿಯಿಂದ ಮಾತಾಡಿಸಲು ಬಂದವರಿಗೆಲ್ಲ ಇನ್ನೂ ಮೀಸೆ ಮೂಡದ ಗುರುಮಲ್ಲಪ್ಪ ಎರಡನೇ ಮೆಟ್ಟಿಲಲ್ಲಿ ನಿಂತು ಹೀಗೇ ಹೇಳಿ ಕಳಿಸುತ್ತಿದ್ದ. ಒಳಗೆ ಆಕೆ ಅಳುವುದು ಕೇಳಿಸುತ್ತಿದ್ದರೂ ಹೇಳುತ್ತಿದ್ದ. ಬಂದವರಿಗೂ ಕೇಳಿಸುತ್ತಿತ್ತು. ಆದರೂ ತಲೆಬಾಗಿ ಗಾಡಿ ಹತ್ತುತ್ತಿದ್ದರು.

ದೊರೆಗಳು ಅವರ ದೇಶಕ್ಕೆ ಹೋದ ಮೇಲೆ ಬಂಗಲೆ ಹುಣಸೂರಿನ ಕಾಫಿ ವ್ಯಾಪಾರಿಗಳ ಮನೆತನಕ್ಕೆ ಬಂತು. ಆ ಮನೆಯ ಚನ್ನಬಸವಣ್ಣನವರು ರಜೆಗೆ, ದಸರೆಗೆ ಬರುತ್ತಿದ್ದರು. ಮಿಕ್ಕ ದಿನ ಮನೆ ಮುಚ್ಚಿಯೇ ಇರುತ್ತಿತ್ತು. ಲೈನಿನವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಉಳಿದವರು ಶಿವರುದ್ರಮ್ಮ ಮತ್ತು ಅವಳ ಗಂಡ ನಂಜುಂಡೇಶ್. ಮಕ್ಕಳಾಗಲಿಲ್ಲ. ಅವನು ತೋಟ ನೋಡಿದ, ಇವಳು ಬಾಗಿಲು ನೋಡಿದಳು. ಬಾಗಿಲ ಹಿತ್ತಾಳೆ ಗಂಟೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜುವುದು, ಕುರ್ಚಿಗಳ ಮೇಲಿನ ಬಿಳಿ ಬಟ್ಟೆ ಒಗೆದು ಮತ್ತೆ ಹೊದಿಸುವುದು, ದೊರೆಮಗುವಿನ ಕಲ್ಲು ತೊಳೆಯುವುದು. ಯಾರೂ ನೋಡುತ್ತಿಲ್ಲವೆಂದು ಒಂದು ದಿನವೂ ಬಿಟ್ಟವಳಲ್ಲ.

ನಂಜುಂಡೇಶ್ ಸತ್ತದ್ದು ಕೊರೊನಾದ ಎರಡನೇ ವರ್ಷ. ಅದೇ ಕಾಯಿಲೆಯೋ, ಬರೀ ಜ್ವರವೋ, ಯಾರೂ ನೋಡಿ ಹೇಳಲಿಲ್ಲ. ಅವನ ಹಿರಿಯರ ಊರಿನವರು ಹೆಣವನ್ನು ಊರೊಳಕ್ಕೆ ತರಬೇಡಿ ಎಂದು ದಾರಿಗೆ ಮುಳ್ಳು ಎಳೆದರು. ಚನ್ನಬಸವಣ್ಣನವರಿಗೆ ಸುದ್ದಿ ಮುಟ್ಟಿದಾಗ ಅವರೂ ಹಾಸಿಗೆ ಹಿಡಿದಿದ್ದರು. ಫೋನಿನಲ್ಲೇ ಹೇಳಿದರು, ಲೈನಿನ ಹಿಂದೆ ಹೊಂಗೆಮರದ ಕೆಳಗೆ ಮಾಡಿ, ಮುಂದೆ ರುದ್ರಮ್ಮನಿಗೂ ಅಲ್ಲೇ ಜಾಗ, ಇರುವಷ್ಟು ದಿನ ಮನೆಯೂ ಅವಳದೇ, ಎಂದು. ಶಿವರುದ್ರಮ್ಮನ ನಾದಿನಿಯ ಮಗಳು ಉಷಾರಾಣಿ, ಅವಳ ಗಂಡ, ಇನ್ನಿಬ್ಬರು ಸೇರಿ ಗುಣಿ ತೆಗೆದರು. ಸ್ವಾಮಿಗಳು ಬರಲಿಲ್ಲ. ಶಿವರುದ್ರಮ್ಮನೇ ಗಂಡನನ್ನು ಕೂರಿಸಿದ ಕಡೆ ವಿಭೂತಿ ಹಾಕಿ, ಬಿಲ್ವಪತ್ರೆ ಇಟ್ಟು ಮಣ್ಣು ಎಳೆದಳು. ತೋಟದ ಒಂದು ಉರುಟು ಕಲ್ಲನ್ನು ತಲೆಗೆ ನೆಟ್ಟಳು.

ಅಂದಿನಿಂದ ಅವಳಿಗೆ ಬೇರೇನೂ ಬೇಕಿರಲಿಲ್ಲ. ಆ ಕಲ್ಲಿನ ಪಕ್ಕ ತಾನೂ ಕೂರಬೇಕು, ಅಷ್ಟೇ. ಉಷಾರಾಣಿ ಹುಣಸೂರಿಗೆ ಬಾ ಎಂದು ಕರೆದಾಗಲೆಲ್ಲ ನಗುತ್ತಿದ್ದಳು. "ನಿಮ್ಮ ಮಾವ ಒಬ್ನೇ ಆಯ್ತಾನೆ ಕಣವ್ವ. ಕತ್ತಲಾದ್ರೆ ಎದ್ರುಕೊಳ್ಳೋ ಜೀವ ಅದು."

ಚನ್ನಬಸವಣ್ಣನವರು ತೀರಿಕೊಂಡ ಮೇಲೆ ಮಗಳು ಶಾಂತಲಾ ಬಂಗಲೆ ಮಾರಲು ಹೊರಟಳು. ಕೊಳ್ಳುವವರು ರೆಸಾರ್ಟ್ ಮಾಡುವ ಕಂಪನಿಯವರು. ಶಾಂತಲಾ ಕೆಟ್ಟವಳಲ್ಲ. ತಂದೆಯ ಮಾತು ಉಳಿಸಬೇಕೆಂದು ಕರಾರಿನಲ್ಲೇ ಒಂದು ಷರತ್ತು ಹಾಕಿಸಿದ್ದಳು. ಲೈನಿನಲ್ಲಿ ವಾಸವಿರುವವರು ಯಾರಾದರೂ ಇದ್ದರೆ ಅವರ ಮನೆಯನ್ನೂ ಅವರ ಸಮಾಧಿಯನ್ನೂ ಮುಟ್ಟಬಾರದು. ಕಂಪನಿಯವರು ಒಪ್ಪಿದರು, ನಾವೇ ಬಂದು ನೋಡಿ ಖಾತ್ರಿ ಮಾಡಿಕೊಳ್ಳುತ್ತೇವೆ ಎಂದರು. ಸೋಮವಾರ ಎಂದು ಗೊತ್ತಾಗಿತ್ತು. ಅಂದು ತಾನೇ ಜೊತೆಗೆ ಬಂದು ಎಲ್ಲ ಹೇಳಿದರಾಯಿತು ಎಂದು ಶಾಂತಲಾ ಶಿವರುದ್ರಮ್ಮನಿಗೆ ಮೊದಲೇ ಏನೂ ತಿಳಿಸಲಿಲ್ಲ.

ಕಂಪನಿಯವರು ಶನಿವಾರವೇ ಬಂದರು. ಕಾರು ಮುಂಬಾಗಿಲಿಗೇ ಬಂದು ನಿಂತಿತು. ಗಂಟೆಯ ಸದ್ದು ಕೇಳಿ ಶಿವರುದ್ರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಆ ಗಂಟೆ ಹೊಡೆದು ಯಾವ ಕಾಲವಾಗಿತ್ತೋ. ಸೆರಗು ಸರಿಮಾಡಿಕೊಂಡು, ಹಿಂದಿನಿಂದ ಬಂದು ಬಾಗಿಲು ತೆರೆದು ಎರಡನೇ ಮೆಟ್ಟಿಲಿಗಿಳಿದು ನಿಂತಳು. ಇಬ್ಬರಿದ್ದರು. ಒಬ್ಬ ಮಿರ್ಲೆ ಕಡೆಯ ಹುಡುಗ, ಶರತ್ ಎಂದು ಹೆಸರು, ಮುಂದೆ ರೆಸಾರ್ಟಿಗೆ ಅವನೇ ಮ್ಯಾನೇಜರ್ ಆದ.

"ಇಲ್ಲಿ ಯಾರಾದ್ರೂ ವಾಸ ಇದಾರಾ ಅಜ್ಜಿ?"

"ಮನೇಲಿ ಯಾರೂ ಇಲ್ಲ ಸ್ವಾಮಿ. ನಾವು ಕೆಲಸದೋರು."

"ಹಿಂದೆ, ಲೈನಲ್ಲಿ?"

ಮುಂಬಾಗಿಲಲ್ಲಿ ನಿಂತವಳು ಹಿತ್ತಿಲಿನ ಮಾತಾಡುವುದು ಅವಳು ಕಲಿತ ಕೆಲಸದಲ್ಲಿ ಇರಲಿಲ್ಲ. ಕೆಲಸದವರ ವಾಸವನ್ನು ವಾಸವೆಂದು ಆ ಮನೆಯಲ್ಲಿ ಯಾರೂ ಅಂದದ್ದೂ ಇಲ್ಲ. "ಯಾರೂ ಇಲ್ಲ ಸ್ವಾಮಿ," ಎಂದಳು.

ಇನ್ನೊಬ್ಬ ಫೋನು ಎತ್ತಿ ಹಿಡಿದು, ಇನ್ನೊಂದು ಸಲ ಹೇಳಿ ಎಂದ. ಅವಳು ಇನ್ನಷ್ಟು ನೆಟ್ಟಗೆ ನಿಂತು, ಮಾವ ಕಲಿಸಿದ ಹಾಗೆ ಒಂದಕ್ಷರ ನುಂಗದೆ ಹೇಳಿದಳು. ಕಾರು ತಿರುಗಿದ ಮೇಲೆ, ನಡುಗದೆ ಹೇಳಿದೆ ಎಂದು ಹೊಂಗೆಮರದ ಕೆಳಗೆ ಹೋಗಿ ಗಂಡನಿಗೂ ತಿಳಿಸಿದಳು.

ಸೋಮವಾರ ಶಾಂತಲಾ ಮುಖ ಬಾಡಿಸಿಕೊಂಡು ಬಂದಳು. ಅಡುಗೆಮನೆಯ ಜಗಲಿಯಲ್ಲಿ ಕೂತು ಷರತ್ತು ಏನಿತ್ತು, ಅದು ಹೇಗೆ ಬಿದ್ದುಹೋಯಿತು, ಎಲ್ಲವನ್ನೂ ಬಿಡಿಸಿ ಹೇಳಿದಳು.

"ಯಾಕೆ ಹಾಗಂದ್ರಿ ರುದ್ರಕ್ಕ? ನಾನಿದೀನಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು."

ಶಿವರುದ್ರಮ್ಮ ಬಂಗಲೆಯ ಕಡೆ ಕೈ ತೋರಿದಳು. "ನಾನಿವ್ನಿ ಅಂತ ಆ ಬಾಗಿಲಲ್ಲಿ ಎಂಗನ್ನಾನ ಅಮ್ಮಾವ್ರೆ," ಎಂದಳು. "ಯಾವತ್ತೂ ಅಂದಿಲ್ವಲ್ಲ."

ಶಾಂತಲಾ ಕಂಪನಿಯವರೊಂದಿಗೆ ಜಗಳವಾಡಿದಳು. ಅವರು ಫೋನಿನಲ್ಲಿದ್ದ ಮುದುಕಿಯನ್ನು ತೋರಿಸಿದರು. ಗಟ್ಟಿ ದನಿ, ಸ್ಪಷ್ಟ ಮಾತು. ಹೆದರಿಸಿ ಹೇಳಿಸಿದ್ದೆಂದು ಯಾರೂ ನಂಬುವಂತಿರಲಿಲ್ಲ. ಕರಾರಿಗೆ ಸಹಿ ಮೊದಲೇ ಬಿದ್ದಿತ್ತು, ಖಾತ್ರಿ ಮಾಡಿಕೊಳ್ಳುವುದು ಕಂಪನಿಗೇ ಬಿಟ್ಟದ್ದೆಂದು ಅದರಲ್ಲಿತ್ತು.

ಲೈನು ಕೆಡವಿದ ದಿನ ಉಷಾರಾಣಿ ಅವಳನ್ನು ಹುಣಸೂರಿಗೆ ಕರೆದುಕೊಂಡು ಹೋದಳು. ಗುಣಿ ಬಗೆದು ಸಮಾಧಿಯನ್ನು ಬೇರೆ ಕಡೆ ಮಾಡಬಹುದಿತ್ತು. ಆದರೆ ಯಾವ ಕಡೆ? ಹಿರಿಯರ ಊರಿನವರು ಆಗಲೂ ಬೇಡವೆಂದಿದ್ದರು, ಈಗಲೂ ಬಾಯಿ ಬಿಡಲಿಲ್ಲ. ಕೂತ ಗಂಡನನ್ನು ಎಬ್ಬಿಸಲು ಅವಳಿಗೂ ಮನಸ್ಸು ಬರಲಿಲ್ಲ. ಜೆಸಿಬಿ ಹೊಂಗೆಮರವನ್ನೂ ಉರುಟು ಕಲ್ಲನ್ನೂ ಒಂದೇ ಸಲಕ್ಕೆ ಬಾಚಿ ಎತ್ತಿತಂತೆ. ಅಲ್ಲೀಗ ಕಾರು ನಿಲ್ಲಿಸುವ ಜಾಗ, ಸಿಮೆಂಟು ಬಿಲ್ಲೆ ಹಾಸಿದ್ದಾರೆ.

ದೊರೆಮಗುವಿನ ಕಲ್ಲನ್ನು ಮಾತ್ರ ಉಳಿಸಿದರು. ಸುತ್ತ ಬೇಲಿ, ಪಕ್ಕದಲ್ಲಿ ಕೂರಲು ಬೆಂಚು, ಸಂಜೆಗೆ ದೀಪ. ಬಂದ ಅತಿಥಿಗಳು ನೋಡಲೇಬೇಕಾದ ಜಾಗ ಅದು.

ಮಾರ್ನಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕು. ಶಿವರುದ್ರಮ್ಮ ಕಜ್ಜಾಯ, ಕಾಯಿ, ಪತ್ರೆ ಕಟ್ಟಿಕೊಂಡು ಆಟೋದಲ್ಲಿ ಹೋದಳು. ಶರತ್ ಗುರುತು ಹಿಡಿದು, ಬೇಡವೆನ್ನದೆ ಒಳಗೆ ಬಿಟ್ಟ. ತೋಟದ ಮರಗಳೂ ಹೋಗಿ ಹಿತ್ತಿಲೆಲ್ಲ ಒಂದೇ ಸಮ ಬಿಲ್ಲೆ. ಹೊಂಗೆಯಿದ್ದ ಕಡೆ ಇರಬೇಕೆಂದು ಅಂದಾಜು ಮಾಡಿ ನಿಂತಳು. ಅಲ್ಲೊಂದು ಬಿಳಿ ಕಾರು ನಿಂತಿತ್ತು. ಅದು ಹೋಗಬಹುದೆಂದು ಬಿಸಿಲಲ್ಲಿ ಕಾದಳು. ಹೋಗಲಿಲ್ಲ. ಬಗ್ಗಿ ಕಾರಿನ ಕೆಳಗೆ ನೋಡಿದಳು, ಎಣ್ಣೆ ತೊಟ್ಟಿಕ್ಕಿತ್ತು. ಎಡೆಯನ್ನು ಅಲ್ಲಿ ಹೇಗೆ ಇಡುವುದು?

ಕೊನೆಗೆ ದೊರೆಮಗುವಿನ ಬೆಂಚಿನ ಹತ್ತಿರ ಹೋದಳು. ಕೂರಲು ಬಿಡುವ ಜಾಗ ಅದೊಂದೇ. ಬಿಳಿಕಲ್ಲಿನ ಬುಡದಲ್ಲಿ ಬಾಳೆಲೆ ಹಾಸಿ, ಕಾರು ನಿಂತ ದಿಕ್ಕಿಗೆ ಮುಖ ಮಾಡಿ ಎಡೆಯಿಟ್ಟಳು. ಅತಿಥಿಗಳ ಗುಂಪೊಂದು ಅಲ್ಲಿಗೆ ಬಂತು. ಅವರಿಗೆ ಮನೆ ತೋರಿಸುತ್ತಿದ್ದ ಹುಡುಗಿ ದನಿ ತಗ್ಗಿಸಿ, ಇಲ್ಲಿಯ ಕೆಲಸದವರು ಇವತ್ತಿಗೂ ದೊರೆಸಾನಿಯ ಮಗುವಿಗೆ ಪೂಜೆ ಮಾಡುತ್ತಾರೆ, ನೋಡಿ, ಎಂದಳು. ಫೋನುಗಳು ಮೇಲೆದ್ದವು.

ಗುಂಪಿನಲ್ಲಿದ್ದ ಒಬ್ಬ ಹೆಂಗಸು ಮಾತ್ರ ಬಗ್ಗಿ, "ನಿಮ್ಮೋರು ಯಾರಾದ್ರೂ ಇಲ್ಲಿದ್ದಾರಾ ಅಮ್ಮ?" ಎಂದು ಕೇಳಿದಳು.

ಶಿವರುದ್ರಮ್ಮ ಕಾರಿನ ಕಡೆ ನೋಡಿದಳು. ತುಟಿ ಅಲುಗಿತು. ಬಾಯಿಗೆ ಬಂದದ್ದು ಹಳೆಯ ಮಾತೇ. ಅದನ್ನು ಈ ಸಲ ಹೇಳಲಿಲ್ಲ. ಬೇರೆ ಮಾತೂ ಬರಲಿಲ್ಲ. ಆ ಹೆಂಗಸು ಸ್ವಲ್ಪ ಹೊತ್ತು ನಿಂತು, ಕಿವಿ ಕೇಳಿಸದೇನೋ ಎಂದುಕೊಂಡು ಗುಂಪು ಸೇರಿಕೊಂಡಳು.

ಕಾಗೆ ಬಂದು ಕಜ್ಜಾಯ ಮುಟ್ಟುವವರೆಗೆ ಕಾಯಬೇಕು. ಮಧ್ಯಾಹ್ನ ಇಳಿದರೂ ಒಂದೂ ಬರಲಿಲ್ಲ. ಮರವೇ ಇಲ್ಲದ ಕಡೆ ಕಾಗೆ ಎಲ್ಲಿಂದ ಬರಬೇಕು. ಬೇಲಿಗೆ ಬೀಗ ಹಾಕುವ ಹೊತ್ತಾಯಿತೆಂದು ಶರತ್ ಬಂದಾಗ ಎಲೆಯನ್ನು ಹಾಗೇ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.