ಮೂಸಂಬಿ ಸುಲಿಸಿದ ಅಜ್ಜಿ

"ಇಂಥ ಅಪ್ಪ-ಅಮ್ಮನ್ನ ಇಟ್ಕೊಂಡು ಯಾರಾದ್ರೂ ಸಾಯಕ್ಕೋಗ್ತಾರೇನಮ್ಮ?" ಶಿರಾದ ಆಸ್ಪತ್ರೆಯೊಂದರಲ್ಲಿ, ಸಾಯಲು ಹೋಗಿ ಬದುಕುಳಿದ ನನ್ನ ಸುತ್ತ ನಿಂತು ಬಂಧುಗಳು ಬುದ್ಧಿ ಹೇಳುತ್ತಿದ್ದರು. ಬ್ರೆಡ್ಡು, ಮೂಸಂಬಿಯ ಜತೆ ಎಲ್ಲರೂ ತಂದದ್ದು ಅದನ್ನೇ. ಏನಾಯಿತೆಂದು ಒಬ್ಬರೂ ಕೇಳಲಿಲ್ಲ.

ಪಕ್ಕದ ಮಂಚದಲ್ಲಿದ್ದ ಕುರಿ ಸಾಕುವ ಅಜ್ಜಿ ರೇಗಿದರು: "ತಿಥಿಗೆ ಬಂದಂಗೆ ನಿಂತಿದ್ದೀರಲ್ಲ, ಮಗು ಬದ್ಕೈತೆ! ನಡೀರಿ ಅತ್ಲಾಗೆ!"

ಅವರೆಲ್ಲ ಹೋದ ಮೇಲೆ ಅಜ್ಜಿ ನನ್ನತ್ತ ಮೂಸಂಬಿ ಚಾಚಿದರು. "ನನ್ ಬೆಳ್ಳು ಬಗ್ಗಲ್ಲ ಕಣಮ್ಮ, ಸುಲ್ಕೊಡು. ಅಂಗೇ ಏನಾಯ್ತು ಅಂತ ಯೇಳು." ಸುಲಿಯುತ್ತ ಎಲ್ಲವನ್ನೂ ಹೇಳಿ ಅತ್ತೆ. ಅಜ್ಜಿ ತಿನ್ನುತ್ತ ಕೇಳಿದರು, ಬುದ್ಧಿ ಹೇಳಲಿಲ್ಲ.

ಮರುದಿನ ನೋಡಿದರೆ, ಅದೇ ಬೆರಳುಗಳಲ್ಲಿ ಸರಸರನೆ ಉಣ್ಣೆ ನೂಲುತ್ತಿದ್ದರು!

ಈಗ ನನ್ನಂತೆ ಸಾಯಲು ಹೋಗಿ ಬದುಕುಳಿದವರನ್ನು ನೋಡಲು ನಾನೂ ಮೂಸಂಬಿ ಹಿಡಿದೇ ಹೋಗುತ್ತೇನೆ. ನನ್ನ ಬೆರಳೂ ಬಗ್ಗುವುದಿಲ್ಲ.