ಚಾಪೆಯಗಲ ಸುಡದೆ ಉಳಿದ ನೆಲ

ಕೆರೊಲಿನಾದ ಆ ಬೆಟ್ಟದ ಏಣಿನ ಮೇಲೆ ಅರಣ್ಯದವರೇ ಕಾಡಿಗೆ ಬೆಂಕಿ ಹಚ್ಚುತ್ತಿದ್ದರು. ತಲೆಗೆ ಹೆಲ್ಮೆಟ್, ಕೈಯಲ್ಲಿ ಎಣ್ಣೆಡಬ್ಬಿ, ನಡುನಡುವೆ ಸ್ಯಾಂಡ್‌ವಿಚ್. ನಾನು ಫಾರೆಸ್ಟ್ ಗಾರ್ಡ್ ಮಗ. ನಮ್ಮ ಬಿಳಿಗಿರಿ ಬೆಟ್ಟದಲ್ಲಿ ಇದೇ ಕೆಲಸ ಮಾಡಿದವರನ್ನು ಇಲಾಖೆಯ ಜೀಪು ಬಂದು ಎತ್ತಿಕೊಂಡು ಹೋಗುತ್ತಿತ್ತು.

ಪಕ್ಕದ ರಾಜ್ಯದ ಅಲ್ಫರೆಟಾಕ್ಕೆ ಬಂದು ಮೂರು ವರ್ಷವಾಗಿತ್ತು. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹಾಲು ತರಲೂ ಕಾರು ತೆಗೆಯಬೇಕಾದ ಊರು. ಭಾನುವಾರಗಳನ್ನು ತಾಳಲಾರದೆ, ಈ ಬೆಂಕಿ ಕಾಯುವ ಸ್ವಯಂಸೇವಕರ ತರಬೇತಿಗೆ ಸೇರಿದ್ದೆ. ತಂಡದ ಮುಖ್ಯಸ್ಥೆ ರೂತ್, ಅರವತ್ತು ದಾಟಿದವಳು, ನನ್ನ ಅಂಗೈಗೆ ಒಂದು ಪೈನ್ ಕಾಯಿ ಇಟ್ಟಳು. ಮೈಯೆಲ್ಲ ಮುಳ್ಳು, ಅಂಟಿನಿಂದ ಬಿಗಿದುಕೊಂಡಿತ್ತು. ಬಿಸಿ ತಾಗಿದರೆ ಚೆನ್ನಾಗಿ ಬಿರಿಯುತ್ತದೆ. ತರಗು ಸುಟ್ಟು ಮಣ್ಣು ಕಂಡರೆ ಬೀಜ ಬೇರೂರುತ್ತದೆ. ಬಹಳ ವರ್ಷ ಬೆಂಕಿ ಬೀಳದಿದ್ದರೆ ಬಿಸಿಲು ಬೀಳುತ್ತಿದ್ದ ಏಣನ್ನೆಲ್ಲ ಪೊದೆ ನುಂಗುತ್ತದೆ. ಅಲ್ಲಿಯವರು ಅದನ್ನು ‘ಲಾರೆಲ್ ಹೆಲ್’ ಅನ್ನುತ್ತಾರೆ: ನುಗ್ಗಿದವರು ಹೊರಬರಲಾಗದ ನರಕ. ನಮ್ಮಲ್ಲಿ ಲಂಟಾನ ಹಬ್ಬಿದ ಹಾಗೆ.

ಇಷ್ಟು ಕಲಿತವನು ಏನು ಮಾಡಿದೆ ಗೊತ್ತೆ? ಪೈನ್ ಬುಡಕ್ಕೆ ಜ್ವಾಲೆ ತೆವಳಿದ್ದೇ ತಡ, ಹಸಿಕೊಂಬೆ ಮುರಿದು ಬಡಿಬಡಿದು ನಂದಿಸಿಬಿಟ್ಟೆ. ಅಪ್ಪ ಕಲಿಸಿದ ವಿದ್ಯೆ.

“ಮಗೂ, ಅದು ನಮ್ಮದೇ ಬೆಂಕಿ! ಏನು ಮಾಡ್ತು ನಿನಗೆ ಪಾಪ?” ರೂತ್ ನಕ್ಕಳು.

ನನಗೆ ನಗು ಬರಲಿಲ್ಲ. ಹೊಗೆಯಲ್ಲಿ ಮಾದಜ್ಜ ನಿಂತಿದ್ದ. ನಮಗೆ ಜೇನು ತಂದುಕೊಡುತ್ತಿದ್ದ ಸೋಲಿಗರ ಮುದುಕ. ತರಗು ಸುಡದಿದ್ದರೆ ಕಾಡಿಗೆ ಉಸಿರು ಕಟ್ಟುತ್ತದೆ ಅನ್ನುತ್ತಿದ್ದ. ನಾನು ಪಿಯುಸಿ ಓದುವಾಗ, ಕಾಡಿಗೆ ಬೆಂಕಿ ಹಚ್ಚಿದ್ದು ಯಾರೆಂದು ಅಪ್ಪ ಕೇಳಿದರು. ನಾನು ಮಾದಜ್ಜನ ಕಡೆ ಬೆರಳು ತೋರಿಸಿದೆ. ಜೀಪು ಹತ್ತುವ ಮುಂಚೆ ಅವನು ನನ್ನನ್ನೇ ನೋಡಿದ. ಮತ್ತೆ ನಮ್ಮ ಮನೆಗೆ ಜೇನು ಬರಲಿಲ್ಲ.

ಮರುದಿನ ಮೈಸೂರಿನ ಅಕ್ಕನಿಗೆ ಫೋನ್ ಮಾಡಿ, ಮಾದಜ್ಜನನ್ನು ಹಿಡಿದುಕೊಟ್ಟ ದಿನದ ಮಾತೆತ್ತಿದೆ.

“ನೀನು ಅಲ್ಲೆಲ್ಲೋ ಇದ್ದೆ ಆವತ್ತು? ಕಾಮಾಲೆ ಆಗಿ ನೀನು ಇಲ್ಲಿ ಅಜ್ಜಿ ಮನೇಲಿ ಮಲಗಿದ್ದೆ. ಅಪ್ಪ ಬಂದು ಹೇಳಿದ್ದನ್ನ ನಿಂದು ಮಾಡ್ಕೊಂಡಿದೀಯ.”

“ಅವನು ನನ್ನ ನೋಡಿದ್ದು ನೆನಪಿದೆ ಕಣೇ.”

“ನಾಯಿ ಕಚ್ಚಿದ್ದೂ ನಿಂಗೇ ಅಂತಿದ್ದೆ. ಕಚ್ಚಿದ್ದು ನನ್ನ ಕಾಲಿಗೆ! ಫೋನಿಡು, ಕುಕ್ಕರ್ ಕೂಗ್ತಿದೆ.”

ಆಮೇಲೆ ಮೊಣಕಾಲು ತಡವಿ ನೋಡಿಕೊಂಡೆ. ಗಾಯದ ಗುರುತು ಇರಲಿಲ್ಲ. ಯಾವುದಕ್ಕೂ ಪುರಾವೆ ಕೇಳುವ ನನ್ನಂಥವನಿಗೆ ಅಷ್ಟು ಸಾಕಾಗಬೇಕಿತ್ತು.

ಮರುವರ್ಷ ಆ ಏಣು ಹತ್ತಿದೆವು. ಕಪ್ಪು ಮಣ್ಣಿನಲ್ಲಿ ಬೆರಳುದ್ದದ ಪೈನ್ ಸಸಿಗಳು, ಎಲ್ಲೆಲ್ಲೂ. ನಾನು ಬೆಂಕಿ ಬಡಿದು ನಂದಿಸಿದ್ದ ಕಡೆ ಮಾತ್ರ, ಚಾಪೆಯಗಲ, ಹಳೆಯ ತರಗು ಹಾಗೇ ಬಿದ್ದಿತ್ತು. ಒಂದು ಸಸಿಯೂ ಇಲ್ಲ.

“ನೋಡು, ಈ ಬೆಟ್ಟದಲ್ಲಿ ನಿನಗೂ ಒಂದು ಸೈಟಾಯ್ತು. ಕೆದಕಿ ಬೀಜ ಹಾಕೋಣವಾ?” ಅಂದಳು ರೂತ್.

ಬೇಡ ಅಂದೆ.

ಈ ದೇಶದಲ್ಲಿ ನಾನಿದ್ದೆ ಅನ್ನಲು ಅಷ್ಟು ನೆಲವಿದೆ. ಅಲ್ಲಿ, ಆ ಜೀಪಿನ ಪಕ್ಕ, ಇದ್ದೆನೋ ಇಲ್ಲವೋ. ಇರಲಿಲ್ಲವೆಂದರೆ ನನ್ನ ಮೇಲೆ ತಪ್ಪಿಲ್ಲ. ಆದರೆ ಮಾದಜ್ಜ ಕೊನೆಗೆ ನೋಡಿದ ಮುಖವೂ ನನ್ನದಲ್ಲ. ತಪ್ಪು ನನ್ನದೇ ಆದರೂ ಸರಿ, ಅಕ್ಕನ ಮಾತು ಸುಳ್ಳಾಗಲಿ ಎಂದು ಈಗಲೂ ಕಾಯುತ್ತೇನೆ.