ಅತ್ತೆಯ ಬಳ್ಳಿ, ನನ್ನ ಎಲುಬು

ಇವತ್ತು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸೊಪ್ಪು ಕೊಳ್ಳುವಾಗ ಒಂದು ಬುಟ್ಟಿಯಲ್ಲಿ ಮಂಗರವಳ್ಳಿ ಕಂಡಿತು. ಗೆಣ್ಣು ಗೆಣ್ಣಾದ ಆ ಬಳ್ಳಿ ನೋಡಿದ್ದೇ ನನ್ನ ನಾಲಿಗೆ ತುರಿಸಿತು. ಯಾಕೆಂದು ಹೇಳುತ್ತೇನೆ, ಕೇಳಿ.

ಹನ್ನೆರಡು ವರ್ಷದ ಹಿಂದೆ ಕಮಲಾಪುರದ ನನ್ನ ಸೋದರತ್ತೆ ಗಂಗಕ್ಕ ಹಿತ್ತಲಲ್ಲಿ ಜಾರಿ ಬಲಮುಂಗೈ ಮುರಿದುಕೊಂಡಳು. ಊರಲ್ಲಿ ಮದುವೆಯಿದ್ದರೆ ಕೂತಲ್ಲೇ ನೂರು ರೊಟ್ಟಿ ಬಡಿಯುವ ಕೈ ಅದು. "ಎಲುಬು ಟೊಳ್ಳಾಗ್ಯಾವ, ಹಿಡಿತ ಮೊದಲಿನಂಗ ಬರೂದು ಕಷ್ಟರೀ" ಎಂದಿದ್ದರು ಡಾಕ್ಟರು. ಪ್ಲಾಸ್ಟರ್ ಕೈಯಲ್ಲಿ ಕಲಬುರಗಿ ಅಂಚಿನ ಕುಸನೂರಿನ ನಮ್ಮ ಮನೆಗೆ ಬಂದ ಅತ್ತೆ ಎರಡು ದಿನ ಅಡುಗೆಮನೆಯತ್ತ ಹಾಯಲೇ ಇಲ್ಲ.

ನಾನೋ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಸುಮ್ಮನಿರುತ್ತೇನೆಯೇ? ಎಲುಬಿನೊಳಗೆ ಹಳೆಯದನ್ನು ಕೆಡವುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಇರುತ್ತವೆ, ವಯಸ್ಸಾದಂತೆ ಕೆಡವುವವರ ಕೈ ಮೇಲಾಗುತ್ತದೆ, ಕಟ್ಟುವವರಿಗೆ ಹಾಲು, ಎಳ್ಳು, ಬೇಳೆ, ಬಿಸಿಲು ಬೇಕು ಎಂದು ಪಾಠ ಒಪ್ಪಿಸಿದೆ.

"ಕಟ್ಟವರಿಗಂತನೇ ಇದನ್ನ ತಂದೀನಿ," ಎಂದು ಅತ್ತೆ ಚೀಲದಿಂದ, ಮುರಿದ ಎಲುಬು ಕೂಡಿಸುತ್ತದೆಂದು ಹಳಬರು ನಂಬುವ ಮಂಗರವಳ್ಳಿ ತೆಗೆದಳು.

"ಇದನ್ನ ಇಲಿಗಳ ಮ್ಯಾಲ ಪ್ರಯೋಗ ಮಾಡಿ ನೋಡ್ಯಾರಂತ ಅತ್ತಿ. ಮನುಷ್ಯಾರಿಗೆ ಇನ್ನೂ ಖಾತ್ರಿ ಇಲ್ಲ."

"ಡಾಕ್ಟರ್ ಗುಳಿಗಿ ನಾ ತಗೋತೀನಿ. ಇದರ ಚಟ್ನಿ ನೀನೂ ತಿನ್ನು. ಇಬ್ಬರಾಗ ಯಾರು ಇಲಿ, ನೋಡೂಣು."

ಬಳ್ಳಿಯನ್ನು ಸರಿಯಾಗಿ ಹುರಿಯದೆ, ಹುಣಸೆಹಣ್ಣು ಕಡಿಮೆ ಹಾಕಿ ಅರೆದೆ. ಬಾಯೆಲ್ಲ ತುರಿಕೆ. ಆ ದಿನ ಕ್ಲಾಸಿನಲ್ಲಿ ಕ್ಯಾಲ್ಸಿಯಂ ಎನ್ನಲು ಹೋದಾಗಲೆಲ್ಲ ತೊದಲಿದೆ. ಮರುದಿನದಿಂದ ಅತ್ತೆ ಒಲೆಯ ಪಕ್ಕ ಕೂತು, ಎಡಗೈ ಆಡಿಸುತ್ತ ನನ್ನಿಂದ ಅಡುಗೆ ಮಾಡಿಸಿದಳು.

ಪ್ಲಾಸ್ಟರ್ ಬಿಚ್ಚಿಸಲು ಹೋದಾಗ ಡಾಕ್ಟರಿಗೆ ಹೇಳಿದಳು: "ಈಕೀನೂ ಜರಾ ತಪಾಸ್ ಮಾಡ್ರಿ. ಬಿಸಿಲಿಗಿ ಹೊರಗ ಬರೂದೇ ಇಲ್ಲ."

ನಗುತ್ತಲೇ ರಕ್ತ ಕೊಟ್ಟೆ. ಬಿಸಿಲಿಗೇ ಹೆಸರಾದ ಕಲಬುರಗಿಯಲ್ಲಿದ್ದೂ ನನ್ನ ಮೈಯಲ್ಲಿ ಬಿಸಿಲಿನ ಜೀವಸತ್ವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿತ್ತು. ಅತ್ತೆಗೆ ಬರೆದ ಗುಳಿಗೆಗಳಲ್ಲಿ ಒಂದನ್ನು ನನಗೂ ಬರೆದರು.

ಅಂದಿನಿಂದ ದಿನಾ ಬಿಸಿಲಿಗೆ ಮೈಯೊಡ್ಡಿ ಇಬ್ಬರೂ ನಡೆದೆವು. ಮನೆಗೆ ಬಂದು ಅತ್ತೆ ಹಿಟ್ಟು ಹಿಚುಕಿ ಹಿಚುಕಿ ಬೆರಳು ಪಳಗಿಸಿದಳು. ನಾಲ್ಕು ತಿಂಗಳಿಗೆ ಮೊದಲ ರೊಟ್ಟಿ ಬಡಿದಳು. ಒಂದು ಬದಿ ದಪ್ಪ, ಅಂಚು ಹರಿದಿತ್ತು. ಅದನ್ನು ನನ್ನ ತಟ್ಟೆಗೆ ಹಾಕಿ, ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಳಿಗೆಯೋ ಬಳ್ಳಿಯೋ ನಡಿಗೆಯೋ, ಯಾವುದು ಗೆದ್ದಿತೆಂದು ನನಗೆ ಇವತ್ತಿಗೂ ತಿಳಿಯದು.

ಇವತ್ತು ಇದನ್ನೆಲ್ಲ ನೆನೆಯುತ್ತ ಮಾರ್ಕೆಟ್ಟಿನಿಂದ ಹೊರಟವಳು ಆಟೊ ಒಂದನ್ನು ತಪ್ಪಿಸಲು ಹೋಗಿ ಅಂಗೈಯೂರಿ ಬಿದ್ದೆ. ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎಲುಬು ಗಟ್ಟಿಯಿದೆಯೆಂಬ ಹೆಮ್ಮೆಯಿಂದ ಕಮಲಾಪುರಕ್ಕೆ ಫೋನ್ ಹಚ್ಚಿ, ಬಿದ್ದದ್ದನ್ನು ಅತ್ತೆಗೆ ಹೇಳಿದೆ.

"ಎದ್ದಿಯೇನ?" ಅತ್ತೆ ಕೇಳಿದಳು.

"ಎದ್ದೀನಿ."

"ಎದ್ದ ಮ್ಯಾಲ ಫೋನ್ ಯಾಕ? ಮನಿಗಿ ನಡಿ."

ಕರೆಯುವ ಆಟೊದವರಿಗೆಲ್ಲ ಬೇಡವೆಂದು ಕೈಯಾಡಿಸಿ ನಡೆದೇ ಹೊರಟೆ.